ಹಳೆಯ ಲೇತ್ ಗುಜರಿಗೆ ಹೋಗುವ ಮುನ್ನ

ಆಯುಧಪೂಜೆಯ ದಿನ ರಾಜ್ಯದ ಯಾವುದೇ ಊರಿನ ಕೈಗಾರಿಕಾ ಬಡಾವಣೆಯಲ್ಲಿ ಒಮ್ಮೆ ಸುತ್ತಾಡಿದರೆ, ಮನೆಯ ಕೆಳಭಾಗದಲ್ಲಿಯೋ ಹಿತ್ತಲಿನ ತಗಡಿನ ಶೆಡ್ಡಿನಲ್ಲಿಯೋ ನಿಂತಿರುವ ಹಳೆಯ ಲೇತ್ ಯಂತ್ರಗಳು ಕಣ್ಣಿಗೆ ಬೀಳುತ್ತವೆ. ಅಂದು ಅವುಗಳಿಗೆ ಸ್ನಾನ, ಅರಿಶಿನ-ಕುಂಕುಮ, ಸೇವಂತಿಗೆ ಹಾರ, ಬೂದುಗುಂಬಳದ ಬಲಿ ಎಲ್ಲವೂ ಸಲ್ಲುತ್ತವೆ. ನೀರಿನಲ್ಲಿ ಕಲಸಿದ ಕುಂಕುಮ ಬೆಡ್ಡಿನ ಮೇಲೆ ಹಾಗೆಯೇ ಉಳಿದು ಮೂರನೆಯ ದಿನಕ್ಕೆ ಅದರಡಿಯಲ್ಲಿ ತುಕ್ಕಿನ ಕಲೆ ಮೂಡುತ್ತದೆ. ಪೂಜೆ ಮಾಡಿದ ಕೈಯೇ ಮರುದಿನ ಒಂದು ಚಿಂದಿ ಬಟ್ಟೆಯಿಂದ ಒರೆಸಿ ನಾಲ್ಕು ಹನಿ ಎಣ್ಣೆ ಬಿಟ್ಟಿದ್ದರೆ ಆ ಕಲೆ ಬೀಳುತ್ತಿರಲಿಲ್ಲ. ಭಕ್ತಿಗೆ ಕೊರತೆಯಿಲ್ಲ, ಆರೈಕೆಗೆ ಮಾತ್ರ ಕೊರತೆ.

ಇಂಥ ಯಂತ್ರಗಳಲ್ಲಿ ಬಹುಪಾಲಿಗೆ ಈಗ ಒಂದು ನಿರ್ಣಾಯಕ ಕಾಲ ಬಂದಿದೆ. ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿ ದುಡಿದು, ಸ್ವಯಂ ನಿವೃತ್ತಿಯ ಹಣದಲ್ಲಿ ಒಂದು ಲೇತ್ ಕೊಂಡು, ಮನೆಯಲ್ಲಿಯೇ ಜಾಬ್ ಕೆಲಸ ನಡೆಸಿಕೊಂಡು ಬಂದ ತಲೆಮಾರು ವೃದ್ಧಾಪ್ಯಕ್ಕೆ ಕಾಲಿಟ್ಟಿದೆ. ಮಕ್ಕಳು ಬೇರೆ ಉದ್ಯೋಗಗಳಲ್ಲಿದ್ದಾರೆ. ಶೆಡ್ಡಿನ ಜಾಗದಲ್ಲಿ ಬಾಡಿಗೆಯ ಅಂಗಡಿಯೋ ಕಾರು ನಿಲ್ದಾಣವೋ ಆಗಬೇಕಿದೆ. ಗುಜರಿಯವನು ಬಂದು ಯಂತ್ರವನ್ನು ಒಂದು ಸುತ್ತು ಹಾಕಿ, ತೂಕದ ಅಂದಾಜಿನ ಮೇಲೆ ಬೆಲೆ ಹೇಳುತ್ತಾನೆ. ನಲವತ್ತು ವರ್ಷ ಒಂದು ಸಂಸಾರವನ್ನು ಸಾಕಿದ ಯಂತ್ರದ ಭವಿಷ್ಯ ಒಂದು ಮಧ್ಯಾಹ್ನದಲ್ಲಿ, ಕಿಲೋ ಲೆಕ್ಕದಲ್ಲಿ, ತೀರ್ಮಾನವಾಗಿಬಿಡುತ್ತದೆ. ಈ ತೀರ್ಮಾನ ಎಲ್ಲ ಸಂದರ್ಭದಲ್ಲಿಯೂ ತಪ್ಪಲ್ಲ. ಆದರೆ ಅನೇಕ ಸಂದರ್ಭಗಳಲ್ಲಿ ಅದು ಲೆಕ್ಕ ತಿಳಿಯದೆ ಮಾಡಿದ ವ್ಯಾಪಾರ ಎಂಬುದನ್ನು ವರ್ತಕರೂ ಸಣ್ಣ ಉತ್ಪಾದಕರೂ ಗಮನಿಸಬೇಕಾಗಿದೆ.

ಕರ್ನಾಟಕದಲ್ಲಿ ಹಳೆಯ ಲೇತುಗಳು ಇಷ್ಟೊಂದು ಸಂಖ್ಯೆಯಲ್ಲಿ ಉಳಿದಿರುವುದು ಆಕಸ್ಮಿಕವಲ್ಲ. ತುಂಗಭದ್ರೆಯ ದಂಡೆಯ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದೊಂದಿಗೆ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಆರಂಭವಾಯಿತು. ಕೈಗಡಿಯಾರಕ್ಕಾಗಿ ಎಚ್‌ಎಂಟಿಯನ್ನು ನೆನೆಯುವವರೇ ಹೆಚ್ಚು. ಆದರೆ ಅದು ಹುಟ್ಟಿದ್ದು ಯಂತ್ರ ಮಾಡುವ ಯಂತ್ರಗಳಿಗಾಗಿ. 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದೇ ಸಿಎಂಟಿಐ ಬೆಂಗಳೂರಿನಲ್ಲಿ ನೆಲೆಗೊಂಡಿತು. ಹೀಗೆ ಎರಡು ದಶಕಗಳಲ್ಲಿ ಈ ನಾಡು ಲೇತ್ ಕೊಳ್ಳುವ ನಾಡಾಗಿದ್ದುದು ಲೇತ್ ಮಾಡುವ ನಾಡಾಯಿತು. ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿತು. ಅಲ್ಲಿಂದ ಹೊರಬಂದ ಯಂತ್ರಗಳು ಮಾತ್ರ ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ, ದಾವಣಗೆರೆಗಳ ಶೆಡ್ಡುಗಳಲ್ಲಿ ಇಂದಿಗೂ ತಿರುಗುತ್ತಿವೆ. ತಯಾರಕನೇ ಇಲ್ಲವಾದ ಮೇಲೂ ತಯಾರಾದ ವಸ್ತು ದುಡಿಯುತ್ತಿದೆಯೆಂದರೆ ಅದರ ಬೀಡಿನಲ್ಲಿ, ಅದರ ಜೋಡಣೆಯಲ್ಲಿ ಏನೋ ಸತ್ವವಿರಲೇಬೇಕು.

ಪುಸ್ತಕದ ಬೆಲೆ ಮತ್ತು ಕೆಲಸದ ಬೆಲೆ

ಲೆಕ್ಕಪತ್ರದಲ್ಲಿ ಯಂತ್ರ ಪ್ರತಿವರ್ಷವೂ ಸವೆಯುತ್ತದೆ. ಇಳಿಕೆಯ ಮೌಲ್ಯದ ಮೇಲೆ ಶೇಕಡ 15ರಂತೆ ಸವಕಳಿ ಹಾಕಿದರೆ, ಒಂದು ಲಕ್ಷ ರೂಪಾಯಿಗೆ ಕೊಂಡ ಯಂತ್ರ 20 ವರ್ಷಗಳ ನಂತರ ಪುಸ್ತಕದಲ್ಲಿ ನಾಲ್ಕು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಗೆ ಇಳಿದಿರುತ್ತದೆ. ತೆರಿಗೆಯ ದೃಷ್ಟಿಯಿಂದ ಇದು ಸರಿಯಾದ ಲೆಕ್ಕ. ಆದರೆ ಆ ನಾಲ್ಕು ಸಾವಿರದ ಯಂತ್ರ ಬೆಳಗ್ಗೆ ಒಂದು ಪಂಪಿನ ಶಾಫ್ಟನ್ನು ಕಡೆದು, ಮಧ್ಯಾಹ್ನ ಒಂದು ಗನ್‌ಮೆಟಲ್ ಬುಶ್ಶನ್ನು ಬೋರ್ ಮಾಡಿ ಕೊಟ್ಟರೆ ಅದರ ದುಡಿಮೆಯನ್ನು ಯಾವ ಪುಸ್ತಕವೂ ತೋರಿಸುವುದಿಲ್ಲ. ಗುಜರಿಯವನು ನೋಡುವುದು ತೂಕವನ್ನು, ಲೆಕ್ಕಿಗರು ನೋಡುವುದು ಇಳಿಕೆಯ ಮೌಲ್ಯವನ್ನು; ಅದರಿಂದ ಇನ್ನೇನು ದುಡಿಯಬಹುದೆಂದು ನೋಡುವ ಹೊಣೆ ಮಾಲೀಕನೊಬ್ಬನದೇ.

ಗಣಕ ನಿಯಂತ್ರಿತ ಯಂತ್ರಗಳ ಕಾಲದಲ್ಲಿ ಕೈಯಲ್ಲಿ ನಡೆಸುವ ಲೇತಿಗೆ ಸ್ಥಾನವೆಲ್ಲಿ ಎಂಬ ಪ್ರಶ್ನೆ ಸಹಜ. ಒಂದೇ ಮಾದರಿಯ ನೂರು, ಸಾವಿರ ಬಿಡಿಭಾಗಗಳು ಬೇಕಾದಾಗ ಸಿಎನ್‌ಸಿಗೆ ಸಾಟಿಯಿಲ್ಲ. ಅಲ್ಲಿ ಹಳೆಯ ಲೇತಿನ ಪರ ವಾದಿಸುವುದು ಹಟಮಾರಿತನವಾದೀತು. ಆದರೆ ನಾಡಿನಲ್ಲಿ ನಡೆಯುವ ದುರಸ್ತಿಯ ಕೆಲಸವೆಲ್ಲ ಬಹುಮಟ್ಟಿಗೆ ಒಂದೊಂದೇ ತುಂಡಿನ ಕೆಲಸ. ಕೊಡಗು-ಚಿಕ್ಕಮಗಳೂರುಗಳಲ್ಲಿ ಕಾಫಿ ಕೊಯ್ಲಿನ ನಡುವೆ ಪಲ್ಪರ್ ಯಂತ್ರದ ಶಾಫ್ಟ್ ತುಂಡಾದರೆ, ಕಿತ್ತ ಹಣ್ಣು ವಾರಗಟ್ಟಲೆ ಕಾಯುವುದಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಒಂದು ರೋಲರ್, ಗಂಗಾವತಿಯ ಅಕ್ಕಿ ಗಿರಣಿಯ ಒಂದು ಬೇರಿಂಗ್ ಕೂರುವ ಜಾಗ, ಆಲೆಮನೆಯ ಗಾಣದ ಒಂದು ಪಿನ್ನು: ಇವುಗಳಿಗೆ ನಕ್ಷೆಯೂ ಇರುವುದಿಲ್ಲ. ಮುರಿದ ತುಂಡನ್ನೇ ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. ಅದನ್ನು ಅಳೆದು, ಸವೆದ ಭಾಗದಲ್ಲಿ ಮೂಲ ಅಳತೆ ಎಷ್ಟಿದ್ದಿರಬಹುದೆಂದು ಊಹಿಸಿ, ಎರಡು ಗಂಟೆಯಲ್ಲಿ ಕಡೆದುಕೊಡುವುದು ಸಾದಾ ಲೇತಿಗೂ ಅನುಭವಿ ಟರ್ನರಿಗೂ ಮಾತ್ರ ಸಾಧ್ಯ.

ಇನ್ನೊಂದು ಮಾತು ವ್ಯಾಪಾರಿಗಳಿಗೆ ಬೇಗ ಅರ್ಥವಾಗುವಂಥದು. ಸಾಲ ಮಾಡಿ ತಂದ ಯಂತ್ರ ಸುಮ್ಮನೆ ನಿಲ್ಲುವಂತಿಲ್ಲ. ಆರ್ಡರ್ ಇರಲಿ ಬಿಡಲಿ, ತಿಂಗಳ ಕಂತು ಬರುತ್ತದೆ. ಆದ್ದರಿಂದಲೇ ಅನೇಕ ಸಣ್ಣ ಘಟಕಗಳು ನಷ್ಟದ ದರಕ್ಕೂ ಕೆಲಸ ಹಿಡಿಯುತ್ತವೆ. ಸಾಲ ತೀರಿದ ಹಳೆಯ ಲೇತ್ ಕೆಲಸವಿದ್ದಾಗ ದುಡಿಯುತ್ತದೆ, ಇಲ್ಲದಾಗ ಸುಮ್ಮನೆ ನಿಲ್ಲುತ್ತದೆ. ಮಂದಗತಿಯ ವರ್ಷಗಳನ್ನು ದಾಟಿಸುವುದು ಈ ಗುಣವೇ.

ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು

ಹಾಗೆಂದು ಹಳೆಯದೆಲ್ಲವೂ ಚಿನ್ನವಲ್ಲ. ಮಾರಾಟಗಾರರ ಅಂಗಳದಲ್ಲಿ ಹೊಸ ಹಸಿರು ಬಣ್ಣ ಬಳಿದು ನಿಲ್ಲಿಸಿದ ಯಂತ್ರಗಳ ವಿಷಯದಲ್ಲಿ ಎಚ್ಚರ ಅವಶ್ಯ. ಬಣ್ಣದ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಬೆಸುಗೆ, ಬೆಸುಗೆಯ ಕೆಳಗೆ ಬಿರುಕು ಇರಬಹುದು. ಬೆಡ್ಡಿನ ಅಥವಾ ಹೆಡ್‌ಸ್ಟಾಕಿನ ಎರಕದಲ್ಲಿ ಬಿರುಕಿದ್ದರೆ ಆ ಯಂತ್ರವನ್ನು ಗುಜರಿಗೆ ಬಿಡುವುದೇ ಲೇಸು. ಹೆಡ್‌ಸ್ಟಾಕಿನ ಗೇರುಗಳ ಹಲ್ಲು ಮುರಿದಿದ್ದರೆ ಹೊಸದಾಗಿ ಮಾಡಿಸಬಹುದು, ಆದರೆ ಆ ಖರ್ಚನ್ನು ಮೊದಲೇ ಬೆಲೆಯಿಂದ ಕಳೆಯಬೇಕು. ಥ್ರೆಡ್ ಕತ್ತರಿಸಲು ಬೇಕಾದ ಚೇಂಜ್ ಗೇರುಗಳು ಎಲ್ಲವೂ ಇವೆಯೇ ಎಂದು ಎಣಿಸದೆ ಹಣ ಕೊಡುವುದು ಅವಿವೇಕ. ಇಂಚಿನ ಲೀಡ್ ಸ್ಕ್ರೂ ಇರುವ ಹಳೆಯ ಯಂತ್ರವಾದರೆ 127 ಹಲ್ಲಿನ ಗೇರ್ ಇದೆಯೇ ಎಂದು ವಿಶೇಷವಾಗಿ ಕೇಳಬೇಕು. ಒಂದು ಇಂಚಿಗೆ 25.4 ಮಿಲಿಮೀಟರ್; 127ನ್ನು 5ರಿಂದ ಭಾಗಿಸಿದರೆ ನಿಖರವಾಗಿ ಅದೇ ಸಂಖ್ಯೆ ಬರುತ್ತದೆ. ಆ ಒಂದು ಗೇರ್ ಇಲ್ಲದೆ ಇಂಚಿನ ಯಂತ್ರದಲ್ಲಿ ಮೆಟ್ರಿಕ್ ಥ್ರೆಡ್ ನಿಖರವಾಗಿ ಬಾರದು. ದೇಶ ಮೆಟ್ರಿಕ್ ಪದ್ಧತಿಗೆ ಬದಲಾದುದು 1956ರ ಕಾಯಿದೆಯಿಂದ. ಆದರೂ ಹಳ್ಳಿಯ ಪಂಪುಗಳಲ್ಲಿ, ಹಳೆಯ ಗಿರಣಿಗಳಲ್ಲಿ ವಿಟ್‌ವರ್ತ್ ಥ್ರೆಡ್ಡಿನ ಬೋಲ್ಟುಗಳು ಇನ್ನೂ ಸಿಗುತ್ತವೆ. ಅದರ ಕೋನ 55 ಡಿಗ್ರಿ, ಮೆಟ್ರಿಕ್ಕಿನದು 60. ಇಂಚಿನ ಲೇತ್ ಉಳಿಸಿಕೊಂಡವನ ಬಾಗಿಲಿಗೆ ಅಂಥ ಕೆಲಸ ತಾನಾಗಿಯೇ ಬರುತ್ತದೆ.

ಸವೆತದ ಬಗ್ಗೆ ಇರುವ ಭಯ ಅರ್ಧ ಸತ್ಯ. ಬಹುತೇಕ ಕೆಲಸ ಚಕ್ಕಿನ ಸಮೀಪದಲ್ಲಿ ನಡೆಯುವುದರಿಂದ ಬೆಡ್ ಅಲ್ಲಿಯೇ ಹೆಚ್ಚು ಸವೆಯುತ್ತದೆ. ಆದರೆ ಎಲ್ಲ ಸವೆತವೂ ಒಂದೇ ರೀತಿ ಕೆಡಿಸುವುದಿಲ್ಲ. ಉಳಿ ಹತ್ತನೆಯ ಒಂದು ಮಿಲಿಮೀಟರ್ ನೇರ ಕೆಳಗಿಳಿದರೆ, 50 ಮಿಲಿಮೀಟರ್ ವ್ಯಾಸದ ಶಾಫ್ಟಿನಲ್ಲಿ ಆಗುವ ವ್ಯತ್ಯಾಸ ಸಾಮಾನ್ಯ ಮೈಕ್ರೋಮೀಟರಿಗೂ ಕಾಣದಷ್ಟು ಅಲ್ಪ. ಅದೇ ಉಳಿ ಅಷ್ಟೇ ದೂರ ಅಡ್ಡಲಾಗಿ ಹಿಂದೆ ಸರಿದರೆ ವ್ಯಾಸದಲ್ಲಿ ಅದರ ಎರಡರಷ್ಟು, ಎಂದರೆ 0.2 ಮಿಲಿಮೀಟರ್, ತಪ್ಪು ಬೀಳುತ್ತದೆ. ಆದ್ದರಿಂದ ನೋಡಬೇಕಾದುದು ಬೆಡ್ಡಿನ ಮುಂಭಾಗದ ವಿ ಆಕಾರದ ಹಳಿಯನ್ನು. ಸ್ಯಾಡಲ್ ಅಡ್ಡ ದಿಕ್ಕಿನಲ್ಲಿ ಅಲುಗುತ್ತದೆಯೇ ಎಂಬುದನ್ನು. ಕ್ರಾಸ್ ಸ್ಲೈಡಿನ ಹಿಡಿ ಕಾಲು ಸುತ್ತು ಸಡಿಲವಾಗಿ ತಿರುಗಿದರೆ ಗಾಬರಿಪಡಬೇಕಿಲ್ಲ. ಗನ್‌ಮೆಟಲ್ಲಿನ ನಟ್ಟನ್ನು ಅದೇ ಲೇತಿನಲ್ಲಿ ಹೊಸದಾಗಿ ಮಾಡಿ ಹಾಕಿಕೊಳ್ಳಬಹುದು. ತನ್ನ ಬಿಡಿಭಾಗವನ್ನು ತಾನೇ ಮಾಡಿಕೊಳ್ಳಬಲ್ಲ ಯಂತ್ರ ಬೇರೆ ಯಾವುದಿದೆ?

ಬೆಡ್ ನಿಜವಾಗಿಯೂ ಸವೆದಿದ್ದರೆ ಅದು ಮೆದುವೋ ಗಡಸೋ ಎಂಬುದು ಮುಂದಿನ ಪ್ರಶ್ನೆ. ಮೆದು ಬೆಡ್ಡನ್ನು ನೀಲಿ ಹಚ್ಚಿ, ಎತ್ತರದ ಚುಕ್ಕೆಗಳನ್ನು ಕೈಯಿಂದ ಹೆರೆದು ಸರಿಪಡಿಸಬಹುದು. ಶಾಖದಿಂದ ಗಡಸುಗೊಳಿಸಿದ ಬೆಡ್ಡಿನ ಮೇಲೆ ಹೆರೆಯುವ ಉಳಿ ಕಚ್ಚುವುದೇ ಇಲ್ಲ. ಅದನ್ನು ದೊಡ್ಡ ಗ್ರೈಂಡಿಂಗ್ ಯಂತ್ರಕ್ಕೆ ಒಯ್ಯಬೇಕು, ತಗ್ಗಿದ ಸ್ಯಾಡಲ್ಲಿಗೆ ಕೆಳಗಿನಿಂದ ತೆಳುವಾದ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಎತ್ತರ ಸರಿದೂಗಿಸಬೇಕು. ಸಾಗಣೆ ಮತ್ತು ಕ್ರೇನಿನ ಖರ್ಚು ಸೇರಿ ಈ ಮೊತ್ತ ಅನೇಕ ವೇಳೆ ಯಂತ್ರದ ಬೆಲೆಯನ್ನೇ ಮೀರುತ್ತದೆ. ಮನೆಯ ಶೆಡ್ಡಿನ ದುರಸ್ತಿ ಕೆಲಸಕ್ಕೆ ಅಷ್ಟು ಖರ್ಚು ಸಲ್ಲದು.

ಕೈಯಿಂದ ಹೆರೆಯುವ ವಿದ್ಯೆ ಬಲ್ಲವರು ವಿರಳವಾಗುತ್ತಿದ್ದಾರೆ. ಐಟಿಐಗಳ ಎರಡು ವರ್ಷದ ಟರ್ನರ್ ಶಿಕ್ಷಣದಲ್ಲಿ ಲೇತ್ ನಡೆಸಲು ಕಲಿಸಬಹುದು. ನೀಲಿಯ ಚುಕ್ಕೆ ನೋಡಿ ಎಲ್ಲಿ ಹೆರೆಯಬೇಕು, ಎಲ್ಲಿ ಕೈ ತಡೆಯಬೇಕು ಎಂಬುದು ವರ್ಷಗಟ್ಟಲೆ ಬೆಂಚಿನ ಮುಂದೆ ನಿಂತವನಿಗೆ ಮಾತ್ರ ದಕ್ಕುತ್ತದೆ. ಹಳೆಯ ಲೇತ್ ಗುಜರಿಗೆ ಹೋದರೆ ಬೀಡು ಕರಗಿ ಮತ್ತೊಂದು ವಸ್ತುವಾದೀತು. ಈ ವಿದ್ಯೆಗೆ ಅಂಥ ಮರುಜನ್ಮವಿಲ್ಲ.

ನೆಲ, ಎಣ್ಣೆ, ವಿದ್ಯುತ್ತು

ಸವೆದಿದೆಯೆಂದು ದೂರಲಾಗುವ ಯಂತ್ರಗಳಲ್ಲಿ ಎಷ್ಟೋ ಬಾರಿ ದೋಷವಿರುವುದು ನೆಲದಲ್ಲಿ. ಮನೆಯ ನೆಲ ಟನ್ನುಗಟ್ಟಲೆ ತೂಕದ ಯಂತ್ರಕ್ಕಾಗಿ ಹಾಕಿದ್ದಲ್ಲ. ಒಂದು ಮೂಲೆ ಕುಸಿದರೆ ಬೆಡ್ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ, ಕಡೆದ ಶಾಫ್ಟ್ ಒಂದು ತುದಿಯಲ್ಲಿ ದಪ್ಪವಾಗುತ್ತದೆ. ಹುಬ್ಬಳ್ಳಿ-ಧಾರವಾಡದ ಕಡೆಯ ಕಪ್ಪು ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ಆಳವಾದ ಕಾಂಕ್ರೀಟ್ ತಳವಿಲ್ಲದಿದ್ದರೆ ಅಲ್ಲಿ ವರ್ಷಕ್ಕೆ ಎರಡು ಬಾರಿಯಾದರೂ ಮಟ್ಟ ನೋಡಿಸಬೇಕು. ಗಾರೆ ಕೆಲಸದವರ ರಸಮಟ್ಟ ಇದಕ್ಕೆ ಸಾಲದು, ಮೀಟರಿಗೆ 0.02 ಮಿಲಿಮೀಟರ್ ವ್ಯತ್ಯಾಸ ತೋರಿಸುವ ನಿಖರ ಮಟ್ಟ ಬೇಕು. ಅದು ಸಿಗದವರಿಗೂ ಒಂದು ದಾರಿಯಿದೆ. ದಪ್ಪನೆಯ ಸರಳೊಂದನ್ನು ಟೇಲ್‌ಸ್ಟಾಕಿನ ಆಸರೆಯಿಲ್ಲದೆ ಚಕ್ಕಿನಲ್ಲಿ ಮಾತ್ರ ಹಿಡಿದು, ಸುಮಾರು 150 ಮಿಲಿಮೀಟರ್ ಅಂತರದಲ್ಲಿ ಎರಡು ಕಾಲರ್ ಬಿಟ್ಟು, ಉಳಿಯನ್ನು ಕದಲಿಸದೆ ಎರಡನ್ನೂ ಒಂದೇ ತೆಳುವಾದ ಕಡಿತದಲ್ಲಿ ಕಡೆಯಬೇಕು. ಎರಡರ ವ್ಯಾಸ ಒಂದೇ ಬರುವವರೆಗೆ ಬುಡದ ಬೋಲ್ಟಿನಡಿ ತೆಳು ತಗಡು ಸೇರಿಸುತ್ತ, ತೆಗೆಯುತ್ತ ಹೋಗಬೇಕು. ಅರ್ಧ ದಿನದ ಕೆಲಸ. ಸವೆದ ಯಂತ್ರವೆಂದು ಮಾರಲು ಹೊರಟವರು ಮಾರುವ ಮುನ್ನ ಈ ಅರ್ಧ ದಿನವನ್ನು ಕೊಡಬೇಕು.

ಎಣ್ಣೆಯ ವಿಷಯದಲ್ಲಿ ನಡೆಯುವ ಜಿಪುಣತನವಂತೂ ವಿಚಿತ್ರ. ಸಾವಿರಾರು ರೂಪಾಯಿಯ ಟೂಲ್ ಬಿಟ್ ಕೊಳ್ಳುವ ಕೈಯೇ ಬೆಡ್ಡಿಗೆ ಮೋಟಾರು ಗ್ಯಾರೇಜಿನಿಂದ ತಂದ ಸುಟ್ಟ ಎಂಜಿನ್ ಆಯಿಲ್ ಸುರಿಯುತ್ತದೆ. ಅದರಲ್ಲಿ ಎಂಜಿನ್ನಿನ ಲೋಹದ ಪುಡಿಯೂ ಆಮ್ಲವೂ ಸೇರಿರುತ್ತವೆ; ಅದು ಎಣ್ಣೆಯಲ್ಲ, ಉಜ್ಜುವ ಪುಡಿ. ಜಾರುವ ಹಳಿಗಳಿಗೆ 68ನೇ ದರ್ಜೆಯ ಸ್ಲೈಡ್‌ವೇ ಎಣ್ಣೆ ಸೂಕ್ತ. ಹೆಡ್‌ಸ್ಟಾಕಿಗೆ ತಯಾರಕರ ಫಲಕದಲ್ಲಿ ಬರೆದಿರುವುದನ್ನೇ ಹಾಕಬೇಕು. ಬೆಡ್ಡಿಗೆ ಗ್ರೀಸ್ ಹಚ್ಚಿದರೆ ಕಬ್ಬಿಣದ ಪುಡಿ ಅದರಲ್ಲಿ ಅಂಟಿ ಕುಳಿತು ಹಳಿಯನ್ನು ತಿನ್ನುತ್ತದೆ. ಸ್ಯಾಡಲ್ಲಿನ ಎರಡು ತುದಿಯಲ್ಲಿರುವ ಫೆಲ್ಟ್ ತುಂಡುಗಳು ಈ ಪುಡಿಯನ್ನು ಹೊರಗೆ ತಡೆಯಲಿಕ್ಕೆಂದೇ ಇರುವಂಥವು. ಹತ್ತಾರು ರೂಪಾಯಿಯ ಆ ತುಂಡು ಬದಲಾಗದೆ ದಶಕ ಕಳೆದ ಯಂತ್ರಗಳೇ ಹೆಚ್ಚು. ಬೀಡು ಕಡೆಯುವಾಗ, ಎಮರಿ ಕಾಗದ ಹಿಡಿಯುವಾಗ ಬೆಡ್ಡಿನ ಮೇಲೆ ಒಂದು ಹಳೆಯ ಬಟ್ಟೆ ಹಾಸುವುದು, ಕೆಲಸವಾದ ಮೇಲೆ ಗಾಳಿಯ ಪೈಪು ಹಿಡಿಯದೆ ಬ್ರಶ್ಶಿನಿಂದ ಗುಡಿಸುವುದು, ಭಾರವಾದ ಚಕ್ ಬಿಚ್ಚುವ ಮೊದಲು ಬೆಡ್ಡಿನ ಮೇಲೆ ಹಲಗೆ ಇಡುವುದು: ಇವಕ್ಕೆ ಖರ್ಚೇ ಇಲ್ಲ. ಗಾಳಿ ಹೊಡೆದರೆ ಶೆಡ್ ಬೇಗ ಸ್ವಚ್ಛವಾದಂತೆ ಕಾಣುತ್ತದೆ, ಪುಡಿಯೆಲ್ಲ ಸ್ಯಾಡಲ್ಲಿನ ಅಡಿಗೆ ಸೇರಿರುತ್ತದೆ.

ಮನೆಯಲ್ಲಿ ಮೂರು ಫೇಸ್ ಸಂಪರ್ಕ ಇಲ್ಲವೆಂಬುದು ಈಗ ದೊಡ್ಡ ಅಡ್ಡಿಯಲ್ಲ. ಒಂದು ಫೇಸಿನಿಂದ ಮೂರು ಫೇಸ್ ಕೊಡುವ ವಿಎಫ್‌ಡಿ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿವೆ. 3 ಅಶ್ವಶಕ್ತಿವರೆಗಿನ ಮೋಟಾರುಗಳು ಸಾಮಾನ್ಯವಾಗಿ ಸ್ಟಾರ್ ಜೋಡಣೆಯಲ್ಲಿರುತ್ತವೆ. ಈ ಪೆಟ್ಟಿಗೆಯೊಂದಿಗೆ ಬಳಸಲು ಅವನ್ನು ಡೆಲ್ಟಾಗೆ ಬದಲಿಸಬೇಕೆಂಬುದನ್ನು ಬಲ್ಲ ವಿದ್ಯುತ್ ಕೆಲಸಗಾರನಿಂದಲೇ ಮಾಡಿಸಬೇಕು. ವೇಗವನ್ನು ತೀರ ತಗ್ಗಿಸಲು ಪೆಟ್ಟಿಗೆಯನ್ನೇ ನೆಚ್ಚದೆ ಲೇತಿನ ಬ್ಯಾಕ್ ಗೇರ್ ಬಳಸಿದರೆ ಮೋಟಾರಿನ ಬಲವೂ ಉಳಿಯುತ್ತದೆ, ಅದು ಕಾಯುವುದೂ ತಪ್ಪುತ್ತದೆ. ಹಣ ಪಡೆದು ಹೊರಗಿನ ಕೆಲಸ ಮಾಡುವುದಾದರೆ ಗೃಹಬಳಕೆಯ ಸಂಪರ್ಕ ಸಲ್ಲದು. ಸ್ಥಳೀಯ ಸಂಸ್ಥೆಯ ಪರವಾನಗಿ, ಉದ್ಯಮ್ ನೋಂದಣಿಗಳನ್ನು ಕ್ರಮಬದ್ಧವಾಗಿ ಮಾಡಿಸಿಕೊಳ್ಳುವುದು ಕ್ಷೇಮ.

ವಿದ್ಯುತ್ ಹೋಗಿ ಬರುವ ನಾಡಿನಲ್ಲಿ ಇನ್ನೊಂದು ಅಪಾಯವನ್ನು ಮರೆಯುವಂತಿಲ್ಲ. ಹಳೆಯ ಯಂತ್ರಗಳಿಗೆ ಬರಿಯ ಸ್ವಿಚ್ಚು ಇರುತ್ತದೆ. ಕೆಲಸದ ನಡುವೆ ವಿದ್ಯುತ್ ಹೋದಾಗ ಚಕ್ಕಿನಲ್ಲಿ ಕೀ ಇಟ್ಟು ಚಹಾಕ್ಕೆ ಹೋದವನು ಬರುವಷ್ಟರಲ್ಲಿ ಯಂತ್ರ ತಾನೇ ತಿರುಗಲಾರಂಭಿಸಿದರೆ ಆ ಕೀ ಗುಂಡಿನಂತೆ ಹಾರುತ್ತದೆ. ವಿದ್ಯುತ್ ಹೋದರೆ ತಾನೇ ಕಳಚಿಕೊಳ್ಳುವ, ಗುಂಡಿ ಒತ್ತದೆ ಮತ್ತೆ ಹತ್ತದ ಸ್ಟಾರ್ಟರ್ ಹಾಕಿಸುವುದು ಮನೆಯ ಶೆಡ್ಡಿನಲ್ಲಿ ಮೊದಲ ಖರ್ಚಾಗಬೇಕು, ಏಕೆಂದರೆ ಅಲ್ಲಿ ಮಕ್ಕಳು ಓಡಾಡುತ್ತಿರುತ್ತಾರೆ. ಕೈಗವಸು, ಜೋಲುವ ತೋಳು, ಟವೆಲ್, ಸೆರಗು ಇವು ತಿರುಗುವ ಚಕ್ಕಿನ ಹತ್ತಿರ ಸುಳಿಯಕೂಡದು. ಈ ಒಂದು ಶಿಸ್ತನ್ನು ಪಾಲಿಸಲಾಗದ ಮನೆಯಲ್ಲಿ ಲೇತ್ ಇರುವುದಕ್ಕಿಂತ ಗುಜರಿಗೆ ಹೋಗುವುದು ಮೇಲು.

ಸಂಸ್ಥೆಗಳು ಮಾಡಬಹುದಾದುದು

ಒಂದು ನಿಖರ ಮಟ್ಟ, ಒಂದು ಸ್ಟ್ರೈಟ್ ಎಡ್ಜ್, ಒಂದು ಟೆಸ್ಟ್ ಮ್ಯಾಂಡ್ರಲ್, ಎರಡು ಡಯಲ್ ಗೇಜು. ವರ್ಷಕ್ಕೆ ಎರಡು ದಿನ ಬೇಕಾಗುವ ಇವನ್ನು ಪ್ರತಿಯೊಬ್ಬ ಸಣ್ಣ ಮಾಲೀಕನೂ ಕೊಳ್ಳುವುದು ವ್ಯರ್ಥ. ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಒಂದೊಂದು ಜೊತೆಯನ್ನು ಇಟ್ಟುಕೊಂಡು ಸದಸ್ಯರಿಗೆ ದಿನಬಾಡಿಗೆಗೆ ಕೊಡಬಹುದು. ಯಾವ ಸದಸ್ಯರ ಬಳಿ ಎಷ್ಟು ಉದ್ದದ, ಎಷ್ಟು ಸ್ವಿಂಗಿನ ಲೇತ್ ಇದೆ, ಇಂಚಿನ ಥ್ರೆಡ್ ಮಾಡಬಲ್ಲವರು ಯಾರು ಎಂಬ ಪಟ್ಟಿಯೊಂದು ಸಂಸ್ಥೆಯ ಕಚೇರಿಯಲ್ಲಿದ್ದರೆ, ಶಾಫ್ಟ್ ಮುರಿದುಕೊಂಡು ಬಂದ ಗಿರಣಿಯವರು ಊರೆಲ್ಲ ಅಲೆಯುವುದು ತಪ್ಪುತ್ತದೆ. ಬೆಡ್ ಹೆರೆಯುವ ಕೌಶಲವುಳ್ಳ ನಿವೃತ್ತ ಕಾರ್ಮಿಕರು ಹಳೆಯ ಯಂತ್ರ ಕಾರ್ಖಾನೆಗಳ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಗೌರವಧನ ಕೊಟ್ಟು ಕರೆಸಿ, ಸದಸ್ಯರೊಬ್ಬರ ಸವೆದ ಯಂತ್ರವನ್ನೇ ಪಾಠಕ್ಕಿಟ್ಟು, ನಾಲ್ಕಾರು ಯುವಕರಿಗೆ ಕಲಿಸುವ ಏರ್ಪಾಡು ಕಷ್ಟದ್ದೇನಲ್ಲ. ಸನ್ಮಾನ ಸಮಾರಂಭಗಳ ಶಾಲು-ಹಾರಗಳ ಖರ್ಚಿಗಿಂತ ಹೆಚ್ಚಾಗಲಾರದು. ಇನ್ನು ಐದು ವರ್ಷ ತಡೆದರೆ ಕರೆಸಲು ಜನವೇ ಉಳಿದಿರಲಿಕ್ಕಿಲ್ಲ.

ಮಾಲೀಕರ ಪಾಲಿಗೂ ಒಂದು ಕೆಲಸವಿದೆ, ಅದಕ್ಕೆ ಯಾರ ನೆರವೂ ಬೇಕಿಲ್ಲ. ಎಷ್ಟೋ ಯಂತ್ರಗಳು ಗುಜರಿ ಸೇರುವುದು ಮನೆಯವರಿಗೆ ಅದರ ಬೆಲೆ ಗೊತ್ತಿಲ್ಲದ್ದರಿಂದ. ಸ್ಟೆಡಿ ರೆಸ್ಟ್, ನಾಲ್ಕು ದವಡೆಯ ಚಕ್, ಫೇಸ್ ಪ್ಲೇಟ್, ಚೇಂಜ್ ಗೇರುಗಳು ಇವೆಲ್ಲ ಒಂದೊಂದು ಮೂಲೆಯಲ್ಲಿ ಬಿದ್ದಿರುತ್ತವೆ; ಇವು ಲೇತಿಗೆ ಸೇರಿದವೆಂದು ಯಜಮಾನನೊಬ್ಬನಿಗೇ ತಿಳಿದಿರುತ್ತದೆ. ಅವನ ನಂತರ ಯಂತ್ರ ಒಬ್ಬನಿಗೆ, ಗೇರುಗಳು ಇನ್ನೊಬ್ಬನಿಗೆ ಮಾರಾಟವಾಗಿ ಎರಡೂ ನಿರುಪಯೋಗವಾಗುತ್ತವೆ. ಯಂತ್ರದ ತಯಾರಕ, ಮಾದರಿ, ಸಂಖ್ಯೆ, ಜೊತೆಗಿರುವ ಸಾಮಾನುಗಳು, ಹಾಕುತ್ತಿರುವ ಎಣ್ಣೆ, ಕೊನೆಯ ಬಾರಿ ಮಟ್ಟ ನೋಡಿದ ದಿನ, ಮಾರುವುದಾದರೆ ಕೇಳಬೇಕಾದ ಬೆಲೆ ಮತ್ತು ಮೊದಲು ವಿಚಾರಿಸಬೇಕಾದ ಇಬ್ಬರು ಸಹೋದ್ಯೋಗಿಗಳ ಹೆಸರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು, ಯಂತ್ರದ ಪೀಠದ ಒಳಬಾಗಿಲಿಗೆ ಅಂಟಿಸಬಹುದು. ಮುಂದಿನ ಆಯುಧಪೂಜೆಗೆ ಯಂತ್ರ ತೊಳೆಯುವ ದಿನ ಆ ಹಾಳೆಯನ್ನೂ ತೆಗೆದು ನೋಡಿ, ಬದಲಾದುದನ್ನು ತಿದ್ದಿ ಮತ್ತೆ ಅಲ್ಲಿಯೇ ಇಟ್ಟರಾಯಿತು.